ಬಲ ತಿರುವಿನಲ್ಲಿ ಗುಂಯ್ ಅನ್ನುವ ಪಿಕಪ್: ಎಂಟು ವರ್ಷ ಓಡಿಸಿದವನ ಅನುಭವ

2013ರ ಮಾಡೆಲ್, ಕೆಎ 31 ನಂಬರು, ನಾನು ಎರಡನೇ ಮಾಲೀಕ. 2017ರಲ್ಲಿ ತಗೊಂಡಾಗ ಮೀಟರ್ 92 ಸಾವಿರ ತೋರಿಸುತ್ತಿತ್ತು, ಈಗ 2 ಲಕ್ಷ 31 ಸಾವಿರ. ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಆ ಗಾಡಿ ಒಳ್ಳೆಯದೋ ಈ ಗಾಡಿ ಒಳ್ಳೆಯದೋ ಅನ್ನುವ ಜಗಳಕ್ಕೇ ಹೋಗುತ್ತದೆ. ಹಿಂದಿನ ಚಕ್ರಕ್ಕೆ ಡ್ರೈವ್, ಹಿಂದೆ ಪಾಟಾ (ಪಟ್ಟಿ ಸ್ಪ್ರಿಂಗ್), ಮುಂದೆ ಕಾಯಿಲ್ ಸ್ಪ್ರಿಂಗ್, ಬಿಚ್ಚಿ ಗ್ರೀಸ್ ತುಂಬಬಹುದಾದ ಹಳೇ ನಮೂನೆಯ ಹಬ್ (ಚಕ್ರದ ನಡುವಿನ ಗುಂಬ, ಬೇರಿಂಗ್ ಇರುವುದು ಇದರೊಳಗೆ) – ಇಷ್ಟು ಹೊಂದಿದ ಯಾವ ಪಿಕಪ್ಪಿಗೂ ಇಲ್ಲಿನ ಮಾತು ಹೊಂದುತ್ತದೆ.

ನಮ್ಮದು ಶಿರಸಿಯಿಂದ ಹುಲೇಕಲ್ ಕಡೆ. ಬೇಸಿಗೆಯಲ್ಲಿ ಬೆಟ್ಟದಿಂದ ದರಕು (ಒಣಗಿದ ಎಲೆ), ಸೊಪ್ಪು. ಅಡಿಕೆ ಗೊನೆಯ ಕೊಯ್ಲು ಮುಗಿದ ಮೇಲೆ ಶಿರಸಿ ಪೇಟೆಗೆ ಅಡಿಕೆ. ವಾರಕ್ಕೊಮ್ಮೆಯಾದರೂ ದೇವಿಮನೆ ಘಾಟ್ ಇಳಿದು ಕುಮಟಾಕ್ಕೆ ಬಾಳೆಕಾಯಿ, ತೆಂಗಿನಕಾಯಿ. ಏಪ್ರಿಲ್, ಮೇ ತಿಂಗಳಲ್ಲಿ ಬರುವಾಗ ಗಾಡಿ ಖಾಲಿ ಬರುವುದಿಲ್ಲ. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿ ನೋಡಿದ ಮೇಲೆ ನಮ್ಮನೆಯವಳು ಬರಿಗೈಯಲ್ಲಿ ಘಾಟ್ ಹತ್ತಲು ಬಿಡುವುದಿಲ್ಲ.

ಒಳ್ಳೆಯದು ಮೊದಲು. ಇಂಜಿನ್ ಇವತ್ತಿಗೂ ಬಿಚ್ಚಿಲ್ಲ. ಲೋಡಿನಲ್ಲಿ ಘಾಟ್ ಹತ್ತುವಾಗಲೂ ಲೀಟರಿಗೆ ಹನ್ನೊಂದಕ್ಕೆ ಕಮ್ಮಿ ಬಂದಿದ್ದು ಅಪರೂಪ. ಬೇಕಾದ ಪಾರ್ಟ್ ಶಿರಸಿಯಲ್ಲಿ ಸಿಗದಿದ್ದರೆ ಮರುದಿನ ಹುಬ್ಬಳ್ಳಿ ಬಸ್ಸಿಗೆ ಬರುತ್ತದೆ. ಕೆಟ್ಟದ್ದು: ಡಾಲಾದ (ಹಿಂದೆ ಸರಕು ತುಂಬುವ ತೊಟ್ಟಿಯ) ತಳ ಎರಡು ಸಲ ವೆಲ್ಡಿಂಗ್ ಆಯಿತು, ಮಳೆಗಾಲದಲ್ಲಿ ವೈಪರಿನ ಕೆಳಗಿಂದ ನೀರು ಸೋರಿ ನನ್ನ ಬಲಗಾಲಿನ ಮೇಲೇ ಬೀಳುತ್ತದೆ, ಸೀಟಿನ ಬಗ್ಗೆ ಬೆನ್ನಿಗೇ ಗೊತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಆ ನೆಪದಲ್ಲಾದರೂ ವರ್ಷಕ್ಕೊಮ್ಮೆ ಅಡಿಗೆ ಬಗ್ಗಿ ನೋಡುತ್ತೇವೆ.

ಇನ್ನು ಸದ್ದಿನ ಕತೆ. ಇದನ್ನು ಬರೆಯಲಿಕ್ಕೇ ಕೂತಿದ್ದು.

ಮೊದಲು ಕೇಳಿಸಿದ್ದು ನನಗಲ್ಲ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ, ರಾಗಿಹೊಸಳ್ಳಿ ದಾಟಿ ಘಾಟ್ ಇಳಿಯುವಾಗ ಎಡಗಡೆ ಕೂತಿದ್ದ ಹೆಂಡತಿ, "ಎಲ್ಲೋ ಶ್ರುತಿಪೆಟ್ಟಿಗೆ ಹಿಡಿದ ಹಾಗೆ ಕೇಳ್ತಿದೆ" ಅಂದಳು. ನಾನು ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು ಕೊಟ್ಟು ಕಿವುಡಾದವನು, "ಎಂಥದ್ದೂ ಇಲ್ಲ" ಅಂದೆ. ಮುಂದಿನ ಬಲ ತಿರುವಿನಲ್ಲಿ ನನಗೂ ಕೇಳಿತು. ಗುಂಯ್... ಅಂತ ಏರಿ, ಎಡ ತಿರುವಿಗೆ ಬಂದಾಗ ಬಾಯಿ ಮುಚ್ಚಿದ ಹಾಗೆ ನಿಂತುಹೋಯಿತು. ಮತ್ತೆ ಬಲ, ಮತ್ತೆ ಗುಂಯ್. ದೇವಿಮನೆಯಲ್ಲಿ ತಿರುವಿಗೇನು ಬರಗಾಲ? ಪರೀಕ್ಷೆ ತಾನಾಗಿಯೇ ನಡೆಯುತ್ತಿತ್ತು. ಉತ್ತರ ಓದಲು ಮಾತ್ರ ನನಗೆ ಬರಲಿಲ್ಲ.

ಮೊದಲ ಅನುಮಾನ ಪವರ್ ಸ್ಟೀರಿಂಗ್ ಮೇಲೆ. ತಿರುಗಿಸಿದಾಗ ಸದ್ದು ಅಂದರೆ ಎಲ್ಲರೂ ಹೇಳುವುದು ಅದನ್ನೇ. ಗಾಡಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದೆ. (ತುದಿಯಲ್ಲಿ ಹಿಡಿದುಕೊಂಡೇ ಇರಬೇಡಿ, ಪಂಪಿಗೆ ಪೆಟ್ಟು.) ಸದ್ದಿಲ್ಲ. ಪಂಪಿನ ಸದ್ದಾದರೆ ನಿಂತಲ್ಲೇ ಕೇಳಬೇಕು, ಎಕ್ಸಲೇಟರ್ ಒತ್ತಿದ ಹಾಗೆ ಏರಬೇಕು. ನನ್ನದು ಗಾಡಿ ಓಡಿದರೆ ಮಾತ್ರ, ಅದೂ ಮೂವತ್ತೈದು ನಲವತ್ತರ ಮೇಲೆ. ಆದರೂ ಡಬ್ಬಿಯಲ್ಲಿ ಆಯಿಲ್ ಸ್ವಲ್ಪ ಕಮ್ಮಿ ಇತ್ತು, ತುಂಬಿಸಿದೆ. ಮನಸ್ಸಿಗೆ ಸಮಾಧಾನ ಆಯಿತು, ಸದ್ದಿಗೆ ಏನೂ ಆಗಲಿಲ್ಲ.

ಆಮೇಲೆ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಗಾಡಿ ಓಡಿಸಿ ನೋಡದೆ, ಟಯರ್ ಮೇಲೆ ಕೈಯಾಡಿಸಿ, "ಉಬ್ಬು ತಗ್ಗು ಸವೆದಿದೆ, ಟಯರೇ ಕೂಗೋದು" ಅಂದರು. ಸವೆದಿದ್ದು ಸುಳ್ಳಲ್ಲ. 13 ಸಾವಿರ ಕೊಟ್ಟು ಮುಂದಿನ ಎರಡೂ ಹೊಸತು ಹಾಕಿಸಿದೆ. ಗುಂಯ್ ಹಾಗೇ ಇತ್ತು, ಹೊಸ ಟಯರಿನ ನಿಶ್ಶಬ್ದದಲ್ಲಿ ಇನ್ನೂ ಚೊಕ್ಕವಾಗಿ ಕೇಳುತ್ತಿತ್ತು. ನಾನು ಆವತ್ತು ಮಾಡಬೇಕಿದ್ದ ಕೆಲಸ ಪುಕ್ಕಟೆಯದು: ಮುಂದಿನ ಟಯರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ನೋಡುವುದು. ಟಯರಿನ ಸದ್ದಾಗಿದ್ದರೆ ಟಯರಿನ ಜೊತೆ ಜಾಗ ಬದಲಿಸುತ್ತದೆ. ಇನ್ನೊಂದು, ಟಯರಿನ ಸದ್ದು ರಸ್ತೆ ಬದಲಾದರೆ ಬದಲಾಗುತ್ತದೆ. ನುಣುಪು ಡಾಂಬರಿನಲ್ಲಿ ಒಂದು, ಜಲ್ಲಿ ಎದ್ದಲ್ಲಿ ಇನ್ನೊಂದು. ನನ್ನದು ದಿವಗಿಯ ಹೆದ್ದಾರಿಯಲ್ಲೂ ಅದೇ ರಾಗ, ನಮ್ಮೂರ ಹರಕು ರಸ್ತೆಯಲ್ಲೂ ಅದೇ ರಾಗ.

ಹಿಂದಿನ ಹೌಸಿಂಗ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಇರುವ ಗುಂಡು) ಇರಬಹುದು ಅಂದವರೂ ಇದ್ದರು. ಅದು ತೀರಾ ಸುಳ್ಳು ಅನುಮಾನ ಅಲ್ಲ. ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳು ಕೆಲಸ ಮಾಡುವುದೇ ತಿರುವಿನಲ್ಲಿ. ಆದರೆ ಅಲ್ಲಿನ ದೊಡ್ಡ ಗೇರುಜೋಡಿಯ, ಅಂದರೆ ಕ್ರೌನ್ ಪಿನಿಯನ್ ಸದ್ದಾದರೆ ಎಕ್ಸಲೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಒಂದು ಥರ ಇರುತ್ತದೆ. ನನ್ನದು ಒತ್ತಿದರೂ ಬಿಟ್ಟರೂ ಒಂದೇ. ಸಮತಟ್ಟು ಖಾಲಿ ರಸ್ತೆಯಲ್ಲಿ ನ್ಯೂಟ್ರಲ್ ಮಾಡಿದಾಗಲೂ ಅದೇ. ಇಂಜಿನ್ ಇಳಿದರೂ ಸದ್ದು ಇಳಿಯಲಿಲ್ಲ, ಗಾಡಿ ನಿಧಾನವಾದ ಹಾಗೆ ಇಳಿಯಿತು. ಈ ಪರೀಕ್ಷೆಯನ್ನು ಘಾಟಿನಲ್ಲಿ ಮಾತ್ರ ಯಾರೂ ಮಾಡಬೇಡಿ. ಲೋಡ್ ಗಾಡಿಯನ್ನು ಇಳುಕಲಿನಲ್ಲಿ ನ್ಯೂಟ್ರಲ್ ಮಾಡಿದರೆ ಆಮೇಲೆ ಸದ್ದು ಹುಡುಕುವ ಅಗತ್ಯ ಇರುವುದಿಲ್ಲ.

ಅಂದರೆ ಉಳಿದಿದ್ದು ಚಕ್ರದ ಬೇರಿಂಗ್. ಇಲ್ಲಿ ನಾನು ಮಾಡಿದ ಘನಕಾರ್ಯ ಬರೆಯಲೇಬೇಕು. ಬಲಕ್ಕೆ ತಿರುಗಿದಾಗ ಸದ್ದು, ಆದ್ದರಿಂದ ಬಲ ಚಕ್ರ ಅಂತ ನಾನೇ ತೀರ್ಮಾನಿಸಿದೆ. ಮನೆ ಅಂಗಳದಲ್ಲಿ ಜಾಕ್ ಏರಿಸಿ, ಕೆಳಗೆ ಮರದ ದಿಮ್ಮಿ ಇಟ್ಟು, ಚಕ್ರವನ್ನು ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಕೂದಲೆಳೆಯಷ್ಟು ಆಟ (ಸಡಿಲ) ಇತ್ತು. ಸಿಕ್ಕಿತು ಕಳ್ಳ ಅಂತ ನಟ್ ಬಿಗಿ ಮಾಡಿದೆ. ಆಟ ಹೋಯಿತು. ಗುಂಯ್ ಹೋಗಲಿಲ್ಲ.

ಕೊನೆಗೆ ಕತಗಾಲದ ಹತ್ತಿರ, ರಸ್ತೆ ಬದಿ ಶೆಡ್ಡಿನಲ್ಲಿ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ನಿಲ್ಲಿಸಿದೆ. ಕತೆಯೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಭಟ್ರೇ, ಬಸ್ಸು ಬಲಕ್ಕೆ ತಿರುಗಿದ್ರೆ ನಿಂತವ್ರು ಯಾವ ಬದಿಗೆ ವಾಲ್ತಾರೆ?"

"ಎಡಕ್ಕೆ."

"ನಿಮ್ಮ ಬಾಳೆಕಾಯಿನೂ ಎಡಕ್ಕೇ ವಾಲ್ತದೆ. ಮತ್ತೆ ನೀವು ಬಲಗಡೆ ಯಾಕೆ ಬಿಚ್ಚಿದ್ರಿ?"

ತಿರುವಿನಲ್ಲಿ ಭಾರ ಹೊರಗಿನ ಚಕ್ರದ ಮೇಲೆ ಬೀಳುತ್ತದೆ, ಭಾರ ಬಿದ್ದಾಗ ಸವೆದ ಬೇರಿಂಗ್ ಕೂಗುತ್ತದೆ. ಬಲ ತಿರುವಿನಲ್ಲಿ ಸದ್ದು ಜೋರಾದರೆ ಎಡ ಚಕ್ರ ನೋಡಬೇಕು, ಎಡ ತಿರುವಿನಲ್ಲಾದರೆ ಬಲ. ಎಡಗಡೆ ಕೂತವಳಿಗೆ ಮೊದಲು ಕೇಳಿಸಿದ್ದರಲ್ಲೂ ಅರ್ಥ ಇತ್ತು ಅನ್ನುವುದು ಆಗ ಹೊಳೆಯಿತು.

ಎಡ ಚಕ್ರ ಏರಿಸಿ ಅಲ್ಲಾಡಿಸಿದರೆ ಆಟವೇ ಇಲ್ಲ! ಅವರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಅಂಗೈಯನ್ನು ಕಾಯಿಲ್ ಸ್ಪ್ರಿಂಗ್ ಮೇಲೆ ಇಡಿಸಿ, ಚಕ್ರ ಕೈಯಲ್ಲೇ ಜೋರಾಗಿ ತಿರುಗಿಸಿದರು. ಒರಳಿನಲ್ಲಿ ರುಬ್ಬುವಾಗ ತಳದಲ್ಲಿ ಮರಳು ಸಿಕ್ಕಿದರೆ ಕೈಗೆ ಬರುತ್ತದಲ್ಲ, ಆ ಥರದ ನಡುಕ ಸ್ಪ್ರಿಂಗಿನಲ್ಲಿ. ಬಲಗಡೆ ಹಾಗೇ ಮಾಡಿದರೆ ತಣ್ಣಗೆ. ಆಟ ಕಾಣಿಸುವ ಮೊದಲೇ ಬೇರಿಂಗ್ ಕೂಗಲು ಶುರು ಮಾಡುತ್ತದಂತೆ, ಆಟ ಕಾಣುವವರೆಗೆ ಕಾದರೆ ಹಬ್ಬೂ ಹೋಗುತ್ತದೆ.

ಹಬ್ ಬಿಚ್ಚಿದಾಗ ಹೊರಬಂದದ್ದು ಗ್ರೀಸ್ ಅಲ್ಲ, ಹಾಲು ಹೆಚ್ಚಾದ ಚಹಾದ ಬಣ್ಣದ ಲೇಪ. ನೀರು ಸೇರಿದೆ ಅಂತ ಅರ್ಥ. ಒಳಗಿನ ಬೇರಿಂಗಿನ ಹೊರಬಳೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಕೈಗೆ ಕೊಟ್ಟರು. ರೋಲರ್ ಓಡುವ, ಕನ್ನಡಿಯ ಹಾಗೆ ಇರಬೇಕಾದ ದಾರಿಯಲ್ಲಿ ಗೆದ್ದಲು ತಿಂದ ಹಾಗೆ ಸಣ್ಣ ಸಣ್ಣ ಹೊಂಡ. ಉಗುರು ಎಳೆದರೆ ತಡೆಯುತ್ತಿತ್ತು. ಎರಡು ರೋಲರ್ ನೀಲಿ ತಿರುಗಿದ್ದವು, ಕಾದ ಗುರುತು.

ನೀರು ಎಲ್ಲಿಂದ ಅಂತ ಅವರು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. ತೋಟದ ಹಳ್ಳಕ್ಕೆ ಸಂಕ ಇರುವುದು ಮನುಷ್ಯರಿಗೆ, ಗಾಡಿಗೆ ನೀರೇ ದಾರಿ. ಆಷಾಢದಲ್ಲಿ ಹಬ್ ಮುಳುಗುವಷ್ಟು. ಪೇಟೆಯಿಂದ ಓಡಿಬಂದ ಬಿಸಿ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಹಳೇ ಆಯಿಲ್ ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಗಾಡಿಯ ತಪ್ಪು ಇದರಲ್ಲಿ ಕಾಣೆ. ಎಂಟು ವರ್ಷದಲ್ಲಿ ನಾನು ಸೀಲ್ ಬದಲಿಸಿದ್ದು ಸೊನ್ನೆ ಸಲ.

ಒಳಗಿನದು, ಹೊರಗಿನದು ಎರಡೂ ಬೇರಿಂಗ್, ಹೊರಬಳೆ ಸಮೇತ ಹೊಸತು. ಸೀಲ್, ಗ್ರೀಸ್, ಸ್ಪ್ಲಿಟ್ ಪಿನ್, ಮಜೂರಿ ಸೇರಿ 2,850 ರೂಪಾಯಿ. ಹೊಸ ರೋಲರನ್ನು ಹಳೇ ಬಳೆಯಲ್ಲಿ ಕೂರಿಸಿ ದುಡ್ಡು ಉಳಿಸುವವರಿದ್ದಾರೆ, ಒಪ್ಪಬೇಡಿ. ನಟ್ ಬಿಗಿ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಚಕ್ರ ತಿರುಗಿಸುತ್ತಾ ಬಿಗಿ ಮಾಡಿದರು, ಆಮೇಲೆ ಸಡಿಲಿಸಿದರು, ಮತ್ತೆ ಹಗುರ ಕೈಯಲ್ಲಿ ಕೂರಿಸಿ ಪಿನ್ ಹಾಕಿದರು. ಅದೇ ಬಿಸಿಯಲ್ಲಿ ನಾನು ಬಿಗಿ ಮಾಡಿದ್ದ ಬಲಗಡೆಯ ನಟ್ಟನ್ನೂ ಸಡಿಲಿಸಿ, "ಇನ್ನೊಂದು ತಿಂಗ್ಳು ಹೀಗೇ ಓಡ್ಸಿದ್ರೆ ಇದೂ ಹಾಡ್ತಿತ್ತು" ಅಂದರು. ಈ ನಮೂನೆಯ, ಓರೆ ರೋಲರಿನ ಟೇಪರ್ ಬೇರಿಂಗಿಗೆ ಕೂದಲೆಳೆ ಆಟ ಇರಬೇಕಾದದ್ದೇ ಅಂತೆ.

ಐನೂರು ಕಿಲೋಮೀಟರ್ ಆದ ಮೇಲೆ ಮತ್ತೆ ತೋರಿಸಲು ಹೇಳಿದ್ದರು, ತೋರಿಸಿದೆ, ಸರಿಯಿತ್ತು. ಹಬ್ ಮುಟ್ಟಿ ಬಿಸಿ ನೋಡುವ ಅಭ್ಯಾಸವೂ ಆಗಿದೆ. ಘಾಟ್ ಇಳಿದ ಕೂಡಲೇ ಮುಟ್ಟಿದರೆ ಬ್ರೇಕಿನ ಬಿಸಿಯೇ ಸಿಗುತ್ತದೆ, ಆದ್ದರಿಂದ ಸಮತಟ್ಟಿನಲ್ಲಿ ಹತ್ತು ಕಿಲೋಮೀಟರ್ ಹೆಚ್ಚು ಬ್ರೇಕ್ ಒತ್ತದೆ ಓಡಿಸಿ ಎರಡೂ ಬದಿ ಹೋಲಿಸುತ್ತೇನೆ.

ಈ ಗಾಡಿ ತಗೊಳ್ಳಬಹುದಾ ಅಂತ ಕೇಳಿದರೆ, ಹಳೇದು ಸಿಕ್ಕಿದರೆ ತಗೊಳ್ಳಿ ಅಂತಲೇ ಹೇಳುತ್ತೇನೆ. ಓಡಿಸಿ ನೋಡುವಾಗ ನೇರ ರಸ್ತೆಯಲ್ಲಿ ಮಾತ್ರ ನೋಡಬೇಡಿ, ಎರಡೂ ಕಡೆ ತಿರುವಿರುವಲ್ಲಿ ಕಿಟಕಿ ಇಳಿಸಿ ಓಡಿಸಿ, ಪಕ್ಕದಲ್ಲಿ ಕಿವಿ ಚುರುಕಿರುವವರನ್ನು ಕೂರಿಸಿಕೊಳ್ಳಿ. ನನ್ನದರಲ್ಲಿ ಬಲಗಡೆಯ ಹಬ್ಬಿನ ಸೀಲ್ ಇನ್ನೂ ಹಳೆಯದೇ. ಹೊಸತು ತಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಎರಡು ತಿಂಗಳಾಯಿತು. ಮಳೆ ಹಿಡಿಯುವ ಮೊದಲು ಹಾಕಿಸಬೇಕು.