ಸಾವಯವ ದಿನಸಿಗೆ ಮುಂಗಡ ಕಟ್ಟುವ ಮುಂಚೆ ಇದನ್ನು ಓದಿ

ಮೈಸೂರಿನ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ರೈತರಿಂದ ನೇರ ನಿಮ್ಮ ಮನೆಗೆ, 10,000 ರೂಪಾಯಿ ಮುಂಗಡ ಕಟ್ಟಿದರೆ 11,500 ರೂಪಾಯಿಯ ಸಾವಯವ ದಿನಸಿ ಅಂತ. ನಿಮಗೂ ಬಂದಿದ್ದರೆ ದಯವಿಟ್ಟು ದುಡ್ಡು ಹಾಕಬೇಡಿ. ನಾವು ಹಾಕಿದ್ದರಲ್ಲಿ ಅರ್ಧದಷ್ಟು ಸಾಮಾನೂ ಮನೆಗೆ ಬರಲಿಲ್ಲ. ಬಂದದ್ದು ಸಾವಯವ ಅನ್ನುವುದಕ್ಕೂ ಆಧಾರ ಸಿಗಲಿಲ್ಲ. ದೂರು ಕೊಟ್ಟಿದ್ದೇವೆ, ಅದಕ್ಕೇ ಮಾರಿದವರ ಹೆಸರು ಬರೆಯುತ್ತಿಲ್ಲ. ಹೇಗೆ ನಡೆಯಿತು ಅಂತ ಹೇಳುತ್ತೇನೆ, ಬೇರೆ ಹೆಸರಲ್ಲಿ ಬಂದರೂ ನಿಮಗೆ ಗುರುತು ಸಿಗಲಿ.

ನಮ್ಮದು ಒಂದೇ ಸಂಬಳದ ಮನೆ. ಅಂಗಡಿಗಳಲ್ಲಿ ಸಾವಯವ ಬೇಳೆ, ಅಕ್ಕಿ, ಎಣ್ಣೆ ಎಲ್ಲದಕ್ಕೂ ಮಾಮೂಲಿಗಿಂತ ಎಷ್ಟೋ ಜಾಸ್ತಿ. ಕಾಸಿದ್ದವರು ರೇಟು ನೋಡದೆ ಅಲ್ಲೇ ತೆಗೆದುಕೊಂಡು ಹೋಗುತ್ತಾರೆ. ಈ ಮುಂಗಡದ ಗಾಳ ಹಾಕುವುದು ನಮ್ಮಂಥವರಿಗೇ. ಮಕ್ಕಳಿಗೆ ಒಳ್ಳೆಯದು ತಿನ್ನಿಸಬೇಕು, ತಿಂಗಳ ಲೆಕ್ಕವೂ ತಪ್ಪಬಾರದು ಅನ್ನುವ ಮನೆಗಳಿಗೆ.

ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಕೆಂಪಕ್ಕಿ, ರಾಗಿ, ನವಣೆ ಬಂತು. ಆಮೇಲೆ ಕೇಳಿದ್ದಕ್ಕೆಲ್ಲ "ಸ್ಟಾಕ್ ಇಲ್ಲ ಮೇಡಂ, ಅದರ ಬದಲು ಇದು ಕಳಿಸ್ತೀವಿ" ಅನ್ನುವುದು ಶುರುವಾಯಿತು. ಕಲಬುರಗಿಯ ಪಾಲಿಶ್ ಮಾಡದ ತೊಗರಿಬೇಳೆ ಅಂತ ಕಳಿಸಿದ್ದು ಫಳಫಳ ಹೊಳೆಯುತ್ತಿತ್ತು. ಪಾಲಿಶ್ ಇಲ್ಲದ ಬೇಳೆ ಮಂಕಾಗಿರುತ್ತದೆ, ಅಲ್ಲಲ್ಲಿ ಸಿಪ್ಪೆ ಅಂಟಿರುತ್ತದೆ. ನವಣೆಗೆ ಕಮಟು ವಾಸನೆ. ರಾಗಿಯಲ್ಲಿ ಹುಳ.

ಹುಳದ ಬಗ್ಗೆ ಫೋನ್ ಮಾಡಿದರೆ ಅವರ ಕಡೆಯ ಹುಡುಗ ಹೇಳಿದ್ದು ಕೇಳಿ: "ಹುಳ ಇದೆ ಅಂದ್ರೇನೇ ಆರ್ಗ್ಯಾನಿಕ್ ಮೇಡಂ, ವಿಷ ಇದ್ರೆ ಹುಳ ಬದುಕುತ್ತಾ?" ನಮ್ಮ ಅತ್ತೆ ಪಕ್ಕದಲ್ಲೇ ಇದ್ದರು. "ಹಂಗಾದ್ರೆ ರೇಷನ್ ಅಂಗಡಿ ಅಕ್ಕೀನೂ ಸಾವಯವಾನೇ ಬಿಡಪ್ಪ" ಅಂದರು. ಸರಿಯಾಗಿ ಒಣಗಿಸದ, ತುಂಬಾ ದಿನ ಇಟ್ಟ ಯಾವ ಧಾನ್ಯಕ್ಕಾದರೂ ಹುಳ ಬೀಳುತ್ತದೆ. ಹಳೆ ಮಾಲು ಸಾಗಿಸಲು ಇದಕ್ಕಿಂತ ಸುಲಭದ ಮಾತಿಲ್ಲ.

ಬೆಲ್ಲದ್ದೂ ಇದೇ ಕಥೆ. ಕಪ್ಪಗಿದ್ದರೆ ಸಾಕು, ಸಾವಯವ ಅಂತ ಮಾರುತ್ತಾರೆ. ಬಂಗಾರದ ಬಣ್ಣ ಬರಲಿ ಅಂತ ಆಲೆಮನೆಗಳಲ್ಲಿ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವುದು ನಿಜ. ಹಾಗಂತ ಕಪ್ಪಗಿರುವುದೆಲ್ಲ ಶುದ್ಧ ಅಲ್ಲ. ಪಾಕ ಜಾಸ್ತಿ ಕಾಯಿಸಿದರೂ ಕಪ್ಪಾಗುತ್ತದೆ, ಹಳೆಯದಾದರೂ ಕಪ್ಪಾಗುತ್ತದೆ. ಕಬ್ಬಿಗೆ ಯೂರಿಯಾ ಹಾಕಿದ್ದಾರೋ ಇಲ್ಲವೋ ಅನ್ನುವುದನ್ನಂತೂ ಬಣ್ಣ ಹೇಳುವುದಿಲ್ಲ.

ಮರದ ಗಾಣದ ಕಡಲೆಕಾಯಿ ಎಣ್ಣೆ ಲೀಟರಿಗೆ 190 ರೂಪಾಯಿ ಅಂತ ಪಟ್ಟಿಯಲ್ಲಿತ್ತು. ಇದಕ್ಕೆ ಪ್ರಯೋಗಾಲಯ ಬೇಡ, ಪೆನ್ನು ಸಾಕು. ಒಂದು ಲೀಟರಿಗೆ ಎರಡು ಕೆಜಿಗಿಂತ ಜಾಸ್ತಿ ಕಡಲೆಬೀಜ ಬೇಕು. ಬೀಜ ಕೆಜಿಗೆ 130 ಅಂತ ಇಟ್ಟುಕೊಂಡರೂ ಅದಕ್ಕೇ 260 ದಾಟುತ್ತದೆ. ಹಿಂಡಿ ಮಾರಿ ಸ್ವಲ್ಪ ಬರಬಹುದು, ಆದರೆ ಕೂಲಿ, ಬಾಟಲಿ, ಸಾಗಾಟ ಎಲ್ಲ ಸೇರಿ 190ಕ್ಕೆ ಯಾರು ಕೊಡುತ್ತಾರೆ? ಅದೂ ಸಾವಯವ ಬೀಜದ್ದು!

ಸರ್ಟಿಫಿಕೇಟ್ ಕೇಳಿದೆವು. ಒಂದು ಮಸುಕು ಫೋಟೋ ಬಂತು. ದೊಡ್ಡದು ಮಾಡಿ ಓದಿದರೆ ಅದು ಬೇರೆ ಯಾವುದೋ ರೈತ ಗುಂಪಿನದು, ಬೆಳೆಗಳ ಜಾಗದಲ್ಲಿ ಕಾಫಿ, ಮೆಣಸು ಅಂತಿತ್ತು, ಅವಧಿಯೂ ಮುಗಿದಿತ್ತು. ನಮಗೆ ಮಾರಿದ್ದು ಬೇಳೆ, ರಾಗಿ. ಸಾವಯವ ಪ್ರಮಾಣಪತ್ರ ಅಂದರೆ ಅಂಗಡಿಗೆ ಒಮ್ಮೆ ಸಿಕ್ಕ ಬಿರುದು ಅಲ್ಲ. ಯಾರಿಗೆ, ಯಾವ ಬೆಳೆಗೆ, ಯಾವ ತಾರೀಖಿನ ತನಕ ಅಂತ ಅದರಲ್ಲೇ ಇರುತ್ತದೆ. ಈ ಮೂರನ್ನೂ ಓದಿ.

ನಮ್ಮ ದೇಶದಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ರಮಾಣೀಕರಣ ಇದೆ. ಒಂದು ಎನ್‌ಪಿಒಪಿ, ಕೇಂದ್ರ ಸರ್ಕಾರದ ಅಪೇಡಾ ಸಂಸ್ಥೆ ನೋಡಿಕೊಳ್ಳುವುದು. ಇನ್ನೊಂದು ಪಿಜಿಎಸ್-ಇಂಡಿಯಾ, ರೈತರ ಗುಂಪುಗಳೇ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುವ ಪದ್ಧತಿ. ಪಿಜಿಎಸ್-ಇಂಡಿಯಾ ಗ್ರೀನ್ ಅಂತಿದ್ದರೆ ಹೊಲ ಇನ್ನೂ ಸಾವಯವಕ್ಕೆ ಬದಲಾಗುತ್ತಿದೆ ಅಂತ, ಪೂರ್ತಿ ಸಾವಯವ ಅಲ್ಲ. 2017ರ ನಿಯಮದ ನಂತರ ಪೊಟ್ಟಣಗಳ ಮೇಲೆ ಸಾವಯವ ಅಂತ ತೋರಿಸುವ ಜೈವಿಕ್ ಭಾರತ್ ಗುರುತು ಬರತೊಡಗಿತು. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನೇ ಸಾವಯವದ ಸಾಕ್ಷಿ ಅಂತ ತೋರಿಸುವವರೂ ಇದ್ದಾರೆ. ಅದು ಆಹಾರದ ವ್ಯಾಪಾರಕ್ಕೆ ಬೇಕಾದ ಪರವಾನಗಿ ಅಥವಾ ನೋಂದಣಿ ಅಷ್ಟೆ, ಚಿಪ್ಸ್ ಪೊಟ್ಟಣದ ಮೇಲೂ ಇರುತ್ತದೆ.

"ಸಣ್ಣ ರೈತರಿಗೆ ಸರ್ಟಿಫಿಕೇಟ್ ಬೇಡ" ಅಂತಲೂ ವಾದಿಸಿದರು. ಇದರಲ್ಲಿ ಅರ್ಧ ಸತ್ಯ ಇದೆ. ತಾನೇ ಬೆಳೆದು ತಿನ್ನುವವರಿಗೇ ನೇರವಾಗಿ ಮಾರುವ ಸಣ್ಣ ರೈತರಿಗೆ ವಿನಾಯಿತಿ ಇದೆ. ಆದರೆ ಆ ವಿನಾಯಿತಿಯಲ್ಲಿ ಮಾರುವವರು ಜೈವಿಕ್ ಭಾರತ್ ಗುರುತು ಹಾಕುವಂತಿಲ್ಲ. ಇವರ ಚೀಲಗಳ ಮೇಲೆ ಅದೇ ಗುರುತಿನ ಸ್ಟಿಕ್ಕರ್ ಇತ್ತು, ಕೆಳಗೆ ಒಂದು ನಂಬರೂ ಇಲ್ಲ.

ಬೇಳೆ ತರಿಸಿಕೊಂಡವರು, ಎಣ್ಣೆ ತರಿಸಿಕೊಂಡವರು ಒಬ್ಬೊಬ್ಬರಾಗಿ ಅವರ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಹಾಕಿದರು. ಕೇಳಿದವರನ್ನೆಲ್ಲ ಅಡ್ಮಿನ್ ತೆಗೆದುಹಾಕಿದ. ಆಮೇಲೆ ಫೋನ್ ಎತ್ತುವುದೂ ನಿಂತಿತು.

ಈಗ ನಮ್ಮ ಮನೆಯಲ್ಲಿ ಎಲ್ಲವೂ ಸಾವಯವ ಆಗಬೇಕು ಅನ್ನುವ ಹಟ ಇಲ್ಲ. ರಾಗಿ ಮಾಮೂಲಿಯದೇ ತರುತ್ತೇವೆ. ಮಳೆ ನಂಬಿ ಬೆಳೆಯುವ ರಾಗಿಗೆ ಔಷಧಿ ಹೊಡೆಯುವುದು ಮೊದಲೇ ಕಮ್ಮಿ, ಅದಕ್ಕೆ ಎರಡರಷ್ಟು ಕೊಡುವುದು ನನಗಂತೂ ದಂಡ ಅನ್ನಿಸುತ್ತದೆ. ಉಳಿದ ದುಡ್ಡು ಹೂಕೋಸು, ಬದನೆ, ದ್ರಾಕ್ಷಿಯಂಥವಕ್ಕೆ, ಜಾಸ್ತಿ ಔಷಧಿ ಬೀಳುವುದು ಅಲ್ಲಿಯೇ. ಅದೂ ಗುರುತಿನ ರೈತರ ಹತ್ತಿರ, ಆಯಾ ವಾರಕ್ಕೆ ಬೇಕಾದಷ್ಟು, ಕೈಗೆ ಸಾಮಾನು ಬಂದ ಮೇಲೆ ದುಡ್ಡು. ಎಣ್ಣೆಗೆ ಗಾಣದವರ ಹತ್ತಿರ ಹೋಗಿ ಕಣ್ಣೆದುರೇ ಆಡಿಸಿಕೊಂಡು ಬರುತ್ತೇವೆ. ಕಮ್ಮಿ ತರುತ್ತೇವೆ, ಹಿತಮಿತವಾಗಿ ಬಳಸುತ್ತೇವೆ.

ನಿಮ್ಮ ದುಡ್ಡೂ ಸಿಕ್ಕಿಹಾಕಿಕೊಂಡಿದ್ದರೆ ಗುಂಪಿನಲ್ಲಿ ಜಗಳ ಶುರು ಮಾಡುವ ಮೊದಲು ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಅವರು ಸಂದೇಶ ಅಳಿಸಿದರೆ ಹೋಯಿತು. ಯುಪಿಐ ರೆಫರೆನ್ಸ್ ನಂಬರ್, ಸ್ಟಿಕ್ಕರ್ ಇರುವ ಚೀಲ ಎರಡನ್ನೂ ಎತ್ತಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ನಕಲಿ ಗುರುತಿನ ವಿಷಯ ಬೇರೆ, ಅದನ್ನು ಆಹಾರ ಸುರಕ್ಷತಾ ಅಧಿಕಾರಿಗೆ ಕೊಡಬೇಕು. ನಾವು ಎರಡೂ ಕಡೆ ಕೊಟ್ಟಿದ್ದೇವೆ. ಮೊನ್ನೆ ನನ್ನ ತಂಗಿಗೂ ಒಂದು ಆಹ್ವಾನ ಬಂದಿದೆ. ಗುಂಪಿನ ಹೆಸರು ಹೊಸದು, ದುಡ್ಡು ಹಾಕಲು ಕೊಟ್ಟ ನಂಬರ್ ಮಾತ್ರ ಅದೇ ಹಳೆಯದು.