ಹಗುರ ಫ್ಲೈವೀಲ್: ಹಳೆಯ ಮಿನಿಯ 998 ಸಿಸಿ ಎಂಜಿನ್ನಿಗೆ ಹಾಕಿ ಬಹುಕಾಲ ಓಡಿಸಿದ ಮೇಲೆ

ಫ್ಲೈವೀಲ್ ಎಂದರೆ ಎಂಜಿನ್ನಿನ ತುದಿಯಲ್ಲಿ ತಿರುಗುತ್ತಾ ಅದರ ಓಟವನ್ನು ಸಮವಾಗಿಡುವ ಭಾರದ ಲೋಹದ ಗಾಲಿ. ಹಗುರ ಫ್ಲೈವೀಲ್ ಹಾಕಿದರೆ ಎಂಜಿನ್ನಿನ ಹಾರ್ಸ್‌ಪವರ್ ಹೆಚ್ಚುವುದಿಲ್ಲ. ಟಾಪ್ ಸ್ಪೀಡೂ ಏರುವುದಿಲ್ಲ, ಮೈಲೇಜಿನಲ್ಲಿ ಗೊತ್ತಾಗುವಂಥ ವ್ಯತ್ಯಾಸವೂ ಇಲ್ಲ. ಇದರಿಂದ ಸಿಗುವುದು ಒಂದೇ: ಕೆಳಗಿನ ಗೇರುಗಳಲ್ಲಿ ಪಿಕಪ್. ಎಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಲು ಖರ್ಚು ಮಾಡುತ್ತಿದ್ದ ಶಕ್ತಿ ಚಕ್ರಕ್ಕೆ ಹೋಗುತ್ತದೆ.

ಎಷ್ಟು ವ್ಯತ್ಯಾಸ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಫ್ಲೈವೀಲಿನ ಅಂಚಿನಲ್ಲಿ, ಕೇಂದ್ರದಿಂದ 13 ಸೆಂಮೀ ದೂರದಲ್ಲಿ, 1 ಕೆಜಿ ಲೋಹ ತೆಗೆದಿದ್ದೇವೆ ಎಂದುಕೊಳ್ಳಿ. ಮಿನಿ ಎಂಬ ಈ ಪುಟ್ಟ ಬ್ರಿಟಿಷ್ ಕಾರಿನ ಮೊದಲ ಗೇರಿನಲ್ಲಿ ಡಿಫರೆನ್ಷಿಯಲ್ ಸೇರಿ ಒಟ್ಟು ಅನುಪಾತ ಸುಮಾರು 12 (ಚಕ್ರ ಒಂದು ಸುತ್ತು ಬರಲು ಎಂಜಿನ್ 12 ಸುತ್ತು ತಿರುಗುತ್ತದೆ), ಟಯರಿನ ತ್ರಿಜ್ಯ ಸುಮಾರು 24 ಸೆಂಮೀ. ಈ ಲೆಕ್ಕದಲ್ಲಿ ಆ 1 ಕೆಜಿ ತೆಗೆದದ್ದು, ವೇಗ ಹಿಡಿಯುವಾಗ ಕಾರಿನಿಂದ 42 ಕೆಜಿ ಇಳಿಸಿದ್ದಕ್ಕೆ ಸಮ. ಎರಡನೇ ಗೇರಿನಲ್ಲಿ ಅದು 17 ಕೆಜಿ, ನಾಲ್ಕನೆಯದರಲ್ಲಿ ಬರೀ ಮೂರೂವರೆ ಕೆಜಿ. ಅನುಪಾತದ ವರ್ಗ ಲೆಕ್ಕಕ್ಕೆ ಬರುವುದರಿಂದ ಹೀಗಾಗುತ್ತದೆ. ಅಂಚಿನಲ್ಲಿ 2 ಕೆಜಿ ಹೋದರೆ ಮೊದಲ ಗೇರಿನಲ್ಲಿ ಒಬ್ಬ ದೊಡ್ಡ ಆಳನ್ನು ಕಾರಿನಿಂದ ಇಳಿಸಿದಂತೆ. 600 ಕೆಜಿ ಚಿಲ್ಲರೆ ತೂಗುವ ಕಾರಿಗೆ ಇದು ಸಣ್ಣದಲ್ಲ. ಹೆದ್ದಾರಿಯಲ್ಲಿ ನಾಲ್ಕನೇ ಗೇರ್ ಹಾಕಿ ಒಂದೇ ವೇಗದಲ್ಲಿ ಹೋಗುವವರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ.

ಹಾಗಾಗಿ ಕೊಳ್ಳುವಾಗ ಒಟ್ಟು ತೂಕ ಎಷ್ಟು ಎಂದಷ್ಟೇ ಕೇಳಬೇಡಿ, ಲೋಹ ಎಲ್ಲಿಂದ ಹೋಗಿದೆ ನೋಡಿ. ಅದೇ 1 ಕೆಜಿಯನ್ನು ಆರೂವರೆ ಸೆಂಮೀ ತ್ರಿಜ್ಯದಲ್ಲಿ ತೆಗೆದರೆ ಲಾಭ ಕಾಲು ಭಾಗಕ್ಕೆ ಇಳಿಯುತ್ತದೆ, ಜೊತೆಗೆ ಟೇಪರಿನ, ಅಂದರೆ ಕ್ರ್ಯಾಂಕ್‌ಶಾಫ್ಟಿನ (ಎಂಜಿನ್ನಿನ ಮುಖ್ಯ ದಂಡದ) ಮೊನಚು ತುದಿ ಕೂರುವ ನಡುವಿನ ತೂತಿನ, ಸುತ್ತಲ ಬಲ ಕುಂದುತ್ತದೆ. ನಡುವಿನ ಭಾಗ ದಪ್ಪವಾಗಿಯೇ ಇರಬೇಕು.

ಹಳೆಯ ಎರಕದ ಫ್ಲೈವೀಲನ್ನೇ ಲೇತಿಗೆ ಕೊಟ್ಟು ಸಣ್ಣಗೆ ಮಾಡಿಸುವುದು ಅಗ್ಗದ ದಾರಿ. ಸ್ವಲ್ಪ ತೆಗೆದರೆ ನಡೆಯುತ್ತದೆ, ಜಾಸ್ತಿ ತೆಗೆಯುವುದು ಅಪಾಯ. ಎರಕದ ಕಬ್ಬಿಣ ಎಳೆತಕ್ಕೆ ದುರ್ಬಲ, ಕ್ಲಚ್ಚಿನ ಶಾಖಕ್ಕೆ ಅದರ ಮೈಮೇಲೆ ಕೂದಲೆಳೆಯ ಬಿರುಕುಗಳೂ ಮೂಡಿರುತ್ತವೆ. 6500 ಆರ್‌ಪಿಎಂನಲ್ಲಿ ಅಂಚು ಸೆಕೆಂಡಿಗೆ 88 ಮೀಟರ್ ವೇಗದಲ್ಲಿ ಸುತ್ತುತ್ತದೆ. ಮಿನಿಯಲ್ಲಿ ಎಂಜಿನ್ ಅಡ್ಡ ಕೂತಿದೆ, ಫ್ಲೈವೀಲ್ ಕಾರಿನ ಬಲಗಡೆಗೆ ಇದೆ. ಅದು ಒಡೆದರೆ ಚೂರುಗಳು ಹಾರುವ ದಾರಿಯಲ್ಲಿ ಬಲಗಡೆ ಕೂತ ಚಾಲಕನ ಕಾಲುಗಳಿವೆ. ಎಂಜಿನ್ನಿನ ಆರ್‌ಪಿಎಂ ಏರಿಸಿ ಓಡಿಸುವವರು ಸ್ಟೀಲ್ ಫ್ಲೈವೀಲನ್ನೇ ಹಾಕಬೇಕು. ಈ ವಿಮರ್ಶೆ ಅಂಥದ್ದೇ ಮಧ್ಯಮ ತೂಕದ, ರಸ್ತೆ ಬಳಕೆಯ ಸ್ಟೀಲ್ ಫ್ಲೈವೀಲಿನದು. ಕ್ಲಚ್, ಮಿನಿಗೆ ಆಮೇಲೆ ಬಂದ ವರ್ಟೋ ಎಂಬ ಮಾದರಿಗೆ ಮುಂಚಿನದು, ಡಯಾಫ್ರಮ್ (ತಟ್ಟೆಯಾಕಾರದ) ಸ್ಪ್ರಿಂಗಿನದು.

ಬಿಚ್ಚಲು ಎಂಜಿನ್ ಇಳಿಸಬೇಕಿಲ್ಲ. ಬ್ಯಾಟರಿ ಕಳಚಿ, ಸ್ಟಾರ್ಟರ್ ತೆಗೆದು, ರೇಡಿಯೇಟರಿನ ಮೇಲಿನ ಬ್ರಾಕೆಟ್ ಸಡಿಲಿಸಿ, ಬಲಗಡೆಯ ಮೌಂಟಿಂಗ್ ಬೋಲ್ಟುಗಳನ್ನು ಬಿಚ್ಚಿ ಎಂಜಿನ್ನನ್ನು ಜಾಕಿನಿಂದ ಎತ್ತಿದರೆ ಕ್ಲಚ್ ಕವರ್ ಹೊರಬರುತ್ತದೆ. ಮುಂದಿನ ಹೆಜ್ಜೆಯಲ್ಲಿ ತುಂಬ ಜನ ಎಡವುತ್ತಾರೆ. ಕ್ರ್ಯಾಂಕಿನ ತುದಿಯ ಸೀಳು ಅಡ್ಡಡ್ಡಲಾಗಿ ನಿಲ್ಲುವವರೆಗೆ ಎಂಜಿನ್ ತಿರುಗಿಸಿ, ಆಮೇಲೆ ಫ್ಲೈವೀಲನ್ನು ಎಳೆದು ತೆಗೆಯುವ ಸಾಧನವಾದ ಪುಲ್ಲರ್ ಹಾಕಿ. ಇಲ್ಲದಿದ್ದರೆ ಪ್ರೈಮರಿ ಗೇರನ್ನು (ಕ್ಲಚ್ಚಿನಿಂದ ಗೇರ್‌ಬಾಕ್ಸಿನ ಕಡೆಗೆ ಶಕ್ತಿ ಸಾಗಿಸುವ ಮೊದಲ ಗೇರನ್ನು) ಹಿಡಿದಿರುವ ಸಿ ಆಕಾರದ ವಾಷರ್ ಜಾರಿ ಬಿದ್ದು ಫ್ಲೈವೀಲಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಎಷ್ಟು ಎಳೆದರೂ ಫ್ಲೈವೀಲ್ ಬರುವುದಿಲ್ಲ, ಬಂದರೂ ಏನಾದರೊಂದು ಕೆಡುತ್ತದೆ. ಮಧ್ಯದ ದೊಡ್ಡ ಬೋಲ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲಿಸಿ ಬಿಡಿ. ಟೇಪರ್ ಬಿಡುವಾಗ ಗುಂಡು ಹೊಡೆದಂತೆ ಸದ್ದಾಗುತ್ತದೆ, ಬೋಲ್ಟ್ ಇಲ್ಲದಿದ್ದರೆ ಫ್ಲೈವೀಲ್ ಕಾಲ ಮೇಲೆ ಬೀಳುತ್ತದೆ. ಪುಲ್ಲರಿನ ಮೂರೂ ಬೋಲ್ಟುಗಳು ಪೂರ್ತಿ ಆಳಕ್ಕೆ ಇಳಿದಿರಲಿ. ಅರ್ಧಂಬರ್ಧ ಇಳಿದರೆ ಥ್ರೆಡ್ ಕಿತ್ತು ಬರುತ್ತದೆ.

ಈಗ ಟೇಪರ್. ಇಡೀ ಕೆಲಸದ ಹಣೆಬರಹ ಇಲ್ಲಿದೆ. ಫ್ಲೈವೀಲನ್ನು ಕ್ರ್ಯಾಂಕಿಗೆ ಬಿಗಿಯಾಗಿ ಹಿಡಿಯುವುದು ಟೇಪರಿನ ಘರ್ಷಣೆಯೇ. ಕೀಲಿ ವಾಷರ್ ಅದನ್ನು ಸರಿಯಾದ ಜಾಗದಲ್ಲಿ ಕೂರಿಸುತ್ತದೆ ಅಷ್ಟೆ. ಹೊಸ ಫ್ಲೈವೀಲ್ ಹಳೆಯ ಕ್ರ್ಯಾಂಕಿಗೆ ಹಾಗೆಯೇ ಕೂರುತ್ತದೆ ಎಂದು ನಂಬಬೇಡಿ. ಟೇಪರಿಗೆ ಎಂಜಿನಿಯರ್ಸ್ ಬ್ಲೂ (ಎರಡು ಮುಖಗಳು ಎಲ್ಲಿ ತಾಗುತ್ತವೆ ಎಂದು ತೋರಿಸುವ ನೀಲಿ ಬಣ್ಣ) ತೆಳುವಾಗಿ ಸವರಿ, ಕೂರಿಸಿ, ತೆಗೆದು ನೋಡಿ. ಬಣ್ಣ ಸುತ್ತಲೂ, ಉದ್ದಕ್ಕೂ ಹತ್ತಬೇಕು. ಒಂದು ಕಡೆ ಮಾತ್ರ ಹತ್ತಿದ್ದರೆ ವಾಲ್ವ್ ಉಜ್ಜುವ ನಯವಾದ ಪೇಸ್ಟ್ ಹಚ್ಚಿ ಕೈಯಿಂದ ಹಿಂದೆ ಮುಂದೆ ತಿರುಗಿಸುತ್ತಾ ಉಜ್ಜಬೇಕು. ಪೇಸ್ಟ್ ಪ್ರೈಮರಿ ಗೇರಿನ ಬುಷ್ ಕಡೆಗೆ ಹೋಗದಂತೆ ಬಟ್ಟೆ ಸುತ್ತಿ. ಆಮೇಲೆ ಎರಡೂ ಮುಖಗಳನ್ನು ಥಿನ್ನರಿನಲ್ಲಿ ಒರೆಸಿ, ಒಣಗಿಸಿಯೇ ಕೂರಿಸಿ. ಎಣ್ಣೆಯ ತೆಳು ಪಸೆಯೂ ಇರಬಾರದು. ಬೋಲ್ಟ್ ಬಿಗಿತ 150 ನ್ಯೂಟನ್ ಮೀಟರ್, ಲಾಕ್ ವಾಷರ್ ಹೊಸದು. ಉಜ್ಜದೆ ಕೂರಿಸಿದ ಫ್ಲೈವೀಲ್ ಕ್ಲಚ್ ಬಿಟ್ಟಾಗಲೆಲ್ಲ ಕೂದಲೆಳೆಯಷ್ಟು ಅಲುಗುತ್ತದೆ, ಟೇಪರ್ ಕಂದು ಪುಡಿ ಬಿಡುತ್ತಾ ಸವೆಯುತ್ತದೆ, ಕೊನೆಗೆ ಕೀಲಿ ತುಂಡಾಗುತ್ತದೆ. ಆ ಹೊತ್ತಿಗೆ ಕ್ರ್ಯಾಂಕ್‌ಶಾಫ್ಟೂ ಹಾಳು.

ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಓಲಾಟ ನೋಡಿ. 0.08 ಮಿಮೀ ದಾಟಿದರೆ ಟೇಪರಿನಲ್ಲಿ ಕಸ ಸಿಕ್ಕಿದೆ ಎಂದೇ ಲೆಕ್ಕ. ಬಿಚ್ಚಿ ಮತ್ತೆ ಒರೆಸಿ.

ಇಷ್ಟು ಬಿಚ್ಚಿದವರು ಪ್ರೈಮರಿ ಗೇರಿನ ಆಯಿಲ್ ಸೀಲನ್ನು ಹೊಸದು ಹಾಕದೆ ಮುಚ್ಚಬೇಡಿ. ಎಣ್ಣೆ ಒಸರಿದರೆ ಕ್ಲಚ್ ನಡುಗುತ್ತದೆ, ಹಗುರ ಫ್ಲೈವೀಲಿನಲ್ಲಿ ಆ ನಡುಕ ಇನ್ನೂ ಎದ್ದು ಕಾಣುತ್ತದೆ. ಡಯಾಫ್ರಮ್ ಸ್ಪ್ರಿಂಗಿನ ಕವರ್, ಫ್ಲೈವೀಲ್, ಪ್ರೆಶರ್ ಪ್ಲೇಟ್ (ಕ್ಲಚ್ಚಿನ ತಟ್ಟೆಯನ್ನು ಒತ್ತಿ ಹಿಡಿಯುವ ಭಾಗ) ಮೂರನ್ನೂ ಒಟ್ಟಿಗೆ ಬ್ಯಾಲೆನ್ಸ್ ಮಾಡಿಸಿ, ಗುರುತು ಹಾಕಿಸಿ. ಪ್ರೆಶರ್ ಪ್ಲೇಟೂ ಒಳ್ಳೆಯ ಭಾರದ ವಸ್ತು. ಅದನ್ನೂ ಹಗುರ ಮಾಡಿಸಿದರೆ ಫಲ ಹೆಚ್ಚು. ರಿಂಗ್ ಗೇರಿನ ಹಲ್ಲು ನಿಮ್ಮ ಸ್ಟಾರ್ಟರಿಗೆ ಹೊಂದುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಹಳೆಯ ಇನರ್ಷಿಯಾ ಮತ್ತು ಆಮೇಲಿನ ಪ್ರಿ ಎಂಗೇಜ್ಡ್ ಎಂಬ ಎರಡು ಬಗೆಯ ಸ್ಟಾರ್ಟರುಗಳ ಹಲ್ಲು ಬೇರೆ ಬೇರೆ. ಹಳೆಯ ಮಿನಿಗಳಲ್ಲಿ ಟೈಮಿಂಗ್ ಗುರುತು ಫ್ಲೈವೀಲಿನ ಮೇಲೆಯೇ ಇರುತ್ತದೆ. ಹೊಸದರಲ್ಲಿ ಇಲ್ಲದಿದ್ದರೆ ಒಂದನೇ ಪಿಸ್ಟನ್ ತುದಿಗೆ ಬಂದ ಜಾಗವನ್ನು ಕವರ್ ಮುಚ್ಚುವ ಮೊದಲೇ ಗೀಚಿಡಿ.

ಓಡಿಸುವಾಗಿನ ಮಾತು. ಐಡ್ಲಿಂಗನ್ನು 950 ಆರ್‌ಪಿಎಂ ಸುತ್ತ ಏರಿಸಬೇಕಾಯಿತು, ಅದಕ್ಕಿಂತ ಕೆಳಗೆ ಎಂಜಿನ್ ಅಳುಕುತ್ತದೆ. ಭಾರದ ಫ್ಲೈವೀಲ್ ಮುಚ್ಚಿಡುತ್ತಿದ್ದ ಕಾರ್ಬುರೇಟರ್, ಇಗ್ನಿಷನ್ ಪಾಯಿಂಟ್ ದೋಷಗಳೆಲ್ಲ ಈಗ ಬಯಲಿಗೆ ಬರುತ್ತವೆ. ಆದ್ದರಿಂದ ಟ್ಯೂನಿಂಗ್ ಮೊದಲು ಸರಿಮಾಡಿಕೊಳ್ಳಿ. ಏರಿನಲ್ಲಿ ನಿಂತು ಹೊರಡಲು ಆಕ್ಸಿಲರೇಟರ್ ಇನ್ನಷ್ಟು ಒತ್ತಬೇಕು, ಮೊದಮೊದಲು ಎಂಜಿನ್ ಆಫ್ ಆಗುವುದು ಸಹಜ. ಕಾಲು ತೆಗೆದೊಡನೆ ಆರ್‌ಪಿಎಂ ಬೇಗ ಇಳಿಯುವುದರಿಂದ ಮೇಲಿನ ಗೇರಿಗೆ ತಡಮಾಡದೆ ಹಾಕಬೇಕು, ನಿಧಾನ ಮಾಡಿದರೆ ಕಾರು ಜಗ್ಗುತ್ತದೆ. ಕೆಳಗಿನ ಗೇರಿಗೆ ಬರುವಾಗ ಒಂದು ಸಣ್ಣ ಒತ್ತಿಗೆ ಎಂಜಿನ್ ಎದ್ದುಬಿಡುತ್ತದೆ. ಎರಡನೇ, ಮೂರನೇ ಗೇರುಗಳ ನಡುವೆ ತಿರುವು ರಸ್ತೆಯಲ್ಲಿ ಓಡಿಸುವಾಗ ಸಿಗುವ ಆ ಚುರುಕಿಗೆ ಇಷ್ಟೆಲ್ಲ ದುಡಿದದ್ದು ಸಾರ್ಥಕ.

ಬಹುಕಾಲದ ಬಳಕೆಯಲ್ಲಿ ಎದ್ದ ದೂರು ಒಂದೇ, ಐಡ್ಲಿಂಗಿನಲ್ಲಿ ಗಲಗಲ ಸದ್ದು. ನಾಲ್ಕು ಸಿಲಿಂಡರುಗಳ ಏರಿಳಿತವನ್ನು ನುಂಗುವ ಭಾರ ಕಮ್ಮಿಯಾದ್ದರಿಂದ ಐಡ್ಲರ್ ಗೇರಿನ (ಪ್ರೈಮರಿ ಗೇರಿಗೂ ಗೇರ್‌ಬಾಕ್ಸಿಗೂ ನಡುವಿನ ಗೇರಿನ) ಹಲ್ಲುಗಳು ಹಿಂದೆ ಮುಂದೆ ಬಡಿಯುತ್ತವೆ. ಕ್ಲಚ್ ಒತ್ತಿದೊಡನೆ ಸದ್ದು ನಿಂತರೆ ಅದು ಇದೇ. ಐಡ್ಲಿಂಗ್ ಸ್ವಲ್ಪ ಏರಿಸಿದರೆ ತಗ್ಗುತ್ತದೆ, ತಗ್ಗದಿದ್ದರೆ ಐಡ್ಲರ್ ಗೇರಿನ ಬೇರಿಂಗ್ ಮತ್ತು ಥ್ರಸ್ಟ್ ವಾಷರುಗಳನ್ನು ಅಳೆಯಬೇಕು. ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಮಾತ್ರ ರಿಲೀಸ್ ಬೇರಿಂಗ್ ಕಡೆ ನೋಡಿ.