ಘಟ್ಟದ ಮನೆಗೆ ಒಗ್ಗುವ ಸಂಪರ್ಕ ಯಾವುದು: ತಂತಿ ಫೋನು, ಮೊಬೈಲು, ವೈಫೈ ಕರೆ, ಧ್ವನಿಸಂದೇಶ, ಕಾಗದ

ಸಂಪರ್ಕ ಸಾಧನಗಳನ್ನು ಹೋಲಿಸುವವರು ಸಾಮಾನ್ಯವಾಗಿ ವೇಗ ಮತ್ತು ದರವನ್ನು ಮುಂದಿಟ್ಟುಕೊಳ್ಳುತ್ತಾರೆ. ಶಿರಸಿಯಿಂದ ಕುಮಟೆಗೆ ಹೋಗುವಾಗ ದೇವಿಮನೆ ಘಟ್ಟ ಇಳಿಯುವುದಕ್ಕೆ ಮೊದಲು ರಸ್ತೆಯಿಂದ ಒಳಕ್ಕೆ ಸರಿದಿರುವ ನಮ್ಮಂಥ ಹಳ್ಳಿಗಳಲ್ಲಿ ಈ ಎರಡೂ ಅಳತೆಗಳಿಂದ ಹೆಚ್ಚು ಪ್ರಯೋಜನವಿಲ್ಲ. ಇಲ್ಲಿ ಮನೆಗಳು ಅಡಿಕೆ ತೋಟದ ತಲೆಗೆ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿರುತ್ತವೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಪೂರ್ತಿ ಬಿಡುವುದಿಲ್ಲ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುವುದೆಂದು ಹೇಳಲಾಗುವುದಿಲ್ಲ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಮನೆಯಲ್ಲಿ ಉಳಿದವರು ಬಹುತೇಕ ವಯಸ್ಸಾದವರು. ನನ್ನ ಮಗಳು ಬೆಂಗಳೂರಿನಲ್ಲಿದ್ದಾಳೆ, ತಮ್ಮ ಕಾರವಾರದಲ್ಲಿದ್ದಾನೆ, ಎಂಬತ್ತು ದಾಟಿದ ಆಯಿ, ಅಂದರೆ ನನ್ನ ತಾಯಿ, ನಮ್ಮೊಂದಿಗಿದ್ದಾಳೆ. ಆದ್ದರಿಂದ ನನ್ನ ಹೋಲಿಕೆಯ ಪ್ರಶ್ನೆಗಳು ಬೇರೆ. ಆಷಾಢದ ಮಳೆಯಲ್ಲಿ ಅದು ನಡೆಯುತ್ತದೆಯೇ? ಆಯಿ ಯಾರನ್ನೂ ಕರೆಯದೆ ತಾನೇ ಅದನ್ನು ಬಳಸಬಲ್ಲಳೇ? ಆಡಿದ ಮಾತು ಆಡಿದ ಹಾಗೆಯೇ ಆಚೆ ತಲುಪುತ್ತದೆಯೇ?

ತಂತಿ ಫೋನಿನಿಂದಲೇ ತೊಡಗುತ್ತೇನೆ, ಏಕೆಂದರೆ ಆಮೇಲೆ ಬಂದುದೆಲ್ಲವನ್ನೂ ನಮ್ಮ ಮನೆಯಲ್ಲಿ ಅದರ ಪಕ್ಕದಲ್ಲಿಟ್ಟೇ ಅಳೆದಿದ್ದೇವೆ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜನ್ನು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸ್ಥಾಪಿಸಲಾಯಿತು. ಹವಾನಿಯಂತ್ರಣವಿಲ್ಲದ ಸಣ್ಣ ಕೋಣೆಯಲ್ಲೂ ನಡೆಯುವಂತೆ ಕಟ್ಟಿದ ಆ ಯಂತ್ರದಿಂದಾಗಿಯೇ ಮುಂದಿನ ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಫೋನು ಬರಲು ಸಾಧ್ಯವಾಯಿತು. ಶಿರಸಿಯ 08384 ಎಂಬ ಎಸ್‌ಟಿಡಿ ಸಂಖ್ಯೆ ಇಂದಿಗೂ ಆಯಿಗೆ ಬಾಯಿಪಾಠ. ತಂತಿ ಫೋನಿನ ದೊಡ್ಡ ಗುಣವೆಂದರೆ ಅದಕ್ಕೆ ಮನೆಯ ಕರೆಂಟು ಬೇಕಾಗಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಸುಮಾರು 48 ವೋಲ್ಟಿನ ವಿದ್ಯುತ್ತು ಅದೇ ತಾಮ್ರದ ತಂತಿಯಲ್ಲಿ ಹರಿದು ಬರುತ್ತಿತ್ತು. ಊರೆಲ್ಲ ಕತ್ತಲಾಗಿದ್ದರೂ, ತಂತಿ ತುಂಡಾಗದಿದ್ದರೆ, ರಿಸೀವರ್ ಎತ್ತಿದಾಗ ಡಯಲ್ ಟೋನ್ ಕೇಳುತ್ತಿತ್ತು. ದೋಷಗಳೂ ಇದ್ದವು. ಕೇಬಲ್ಲಿನ ಜಾಯಿಂಟಿಗೆ ನೀರಿಳಿದರೆ ಮಾತಿಗಿಂತ ಕರಕರ ಸದ್ದೇ ಹೆಚ್ಚಾಗುತ್ತಿತ್ತು, ಸಿಡಿಲಿಗೆ ಫೋನು ಸುಟ್ಟುಹೋಗುವುದೂ ಇತ್ತು. ಫೋನು ಜಗಲಿಯಲ್ಲಿದ್ದುದರಿಂದ ಮಾತು ಮನೆಮಂದಿಗೆಲ್ಲ ಕೇಳುತ್ತಿತ್ತು. ಇದನ್ನು ಕೆಲವರು ಕೊರತೆಯೆನ್ನುತ್ತಾರೆ, ನಾನು ಹಾಗೆ ಎಣಿಸುವುದಿಲ್ಲ. ಕಾರವಾರದಿಂದ ತಮ್ಮ ಮಾತನಾಡಿದರೆ ಅದು ಮನೆಗೇ ಬಂದ ಮಾತಾಗುತ್ತಿತ್ತು, ಒಬ್ಬರು ಕೇಳಿ ಉಳಿದವರಿಗೆ ತಿಳಿಸಬೇಕಾದ ಅಗತ್ಯವಿರಲಿಲ್ಲ.

ತಾಮ್ರದ ತಂತಿ ಹೋದ ಮೇಲೆ ಮೊದಲು ನಂಬಿದ್ದು ಮೊಬೈಲನ್ನು. 2003ರಲ್ಲಿ ಒಳಬರುವ ಕರೆಗೆ ಹಣ ಕೊಡುವ ಪದ್ಧತಿ ನಿಂತ ನಂತರ ಮೊಬೈಲು ಶ್ರೀಮಂತರ ವಸ್ತುವಾಗಿ ಉಳಿಯಲಿಲ್ಲ. ಆದರೆ ದರ ಇಳಿದ ಮಾತ್ರಕ್ಕೆ ಗುಡ್ಡ ಇಳಿಯುವುದಿಲ್ಲ. ರೇಡಿಯೋ ತರಂಗ ಟವರಿನಿಂದ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ. 700 ಅಥವಾ 900 ಮೆಗಾಹರ್ಟ್ಸ್‌ನಂಥ ಕೆಳಗಿನ ಆವರ್ತನದ ತರಂಗಗಳು ಮರಗಿಡಗಳ ನಡುವೆಯೂ ಸ್ವಲ್ಪ ದೂರ ತಲುಪುತ್ತವೆ, 2300ರಂಥ ಮೇಲಿನವು ಮೊದಲ ದಿಬ್ಬಕ್ಕೇ ಸೋಲುತ್ತವೆ. ನಮ್ಮ ಮನೆಯ ಅಂಗಳದಲ್ಲಿ ಒಂದು ಕಡ್ಡಿ ಸಿಗ್ನಲ್ ಇದ್ದರೆ ಅಡುಗೆಮನೆಯಲ್ಲಿ ಅದೂ ಇರುವುದಿಲ್ಲ. ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ, ಕೊಡೆ ಹಿಡಿದು ಕುಳಿತದ್ದನ್ನು ನಾಡೇ ನೋಡಿದೆ. ಓದುವ ಮಕ್ಕಳೇನೋ ಗುಡ್ಡ ಹತ್ತಿಯಾರು, ಮಂಡಿನೋವಿನ ಆಯಿ ಮಗನ ಧ್ವನಿ ಕೇಳಲು ಮಳೆಯಲ್ಲಿ ಗುಡ್ಡ ಹತ್ತಬೇಕೇ? ಕರೆಂಟು ಹೋಗಿ ಬಹಳ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಹೀಗೆ ಮಳೆಗಾಲದಲ್ಲಿ ನನ್ನ ಲೆಕ್ಕದಲ್ಲಿ ಮೊಬೈಲು ತಂತಿ ಫೋನಿಗಿಂತ ಬಹಳ ಕೆಳಗೆ ನಿಲ್ಲುತ್ತದೆ.

ಆದರೂ ಮೊಬೈಲಿನೊಳಗೇ ಇರುವ, ಈಗ ಯಾರೂ ಲೆಕ್ಕಕ್ಕೆ ಹಿಡಿಯದ ಎಸ್ಸೆಮ್ಮೆಸ್ಸನ್ನು ಕೈಬಿಡಬಾರದೆಂದು ಒತ್ತಿ ಹೇಳುತ್ತೇನೆ. ಕರೆ ನಿಲ್ಲದಷ್ಟು ಕ್ಷೀಣವಾದ ಸಿಗ್ನಲ್ಲಿನಲ್ಲೂ ಅದು ಹೊರಟುಬಿಡುತ್ತದೆ, ಆಚೆಯವರ ಫೋನು ಸಿಗದಿದ್ದರೆ ಸಂದೇಶ ಕೇಂದ್ರದಲ್ಲಿ ಕಾದಿದ್ದು ಅನಂತರ ತಲುಪುತ್ತದೆ. ಇಂಗ್ಲಿಷ್ ಅಕ್ಷರಗಳಾದರೆ ಒಂದು ಸಂದೇಶದಲ್ಲಿ 160 ಹಿಡಿಯುತ್ತವೆ, ಕನ್ನಡದಲ್ಲಿ ಬರೆದರೆ 70 ಮಾತ್ರ. ಅದರಲ್ಲೂ ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಕ್ಷೇಮವಾಗಿದ್ದೇವೆ, ರಸ್ತೆ ಬಂದಾಗಿದೆ, ನಾಳೆ ಹೊರಡಬೇಡ ಎನ್ನಲು ಅಷ್ಟು ಸಾಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದಾಗ, ಆ ದಾರಿಯಲ್ಲಿ ಓಡಾಡುವವರಿದ್ದ ಪ್ರತಿ ಮನೆಗೂ ಮೊದಲು ಬೇಕಾಗಿದ್ದುದು ಅಂಥದೇ ಒಂದು ಸಾಲು.

ಈಗ ಫೈಬರಿನ ವಿಷಯ. ಕಂಬದಿಂದ ಕಂಬಕ್ಕೆ ತೂಗಿಸಿ ತಂದ ಗಾಜಿನ ಎಳೆ ಮನೆಗೆ ಬಂದ ಮೇಲೆ ಗುಡ್ಡದ ಅಡ್ಡಿ ತಪ್ಪಿತು. ಅದರ ಮೇಲೆ ಎರಡು ಬಗೆಯಲ್ಲಿ ಮಾತನಾಡಬಹುದು. ಒಂದು ವಾಟ್ಸಾಪ್ ಕರೆ, ಇನ್ನೊಂದು ಫೋನಿನಲ್ಲೇ ಇರುವ ವೈಫೈ ಕರೆ. ಮೊದಲನೆಯದಕ್ಕೆ ಎರಡೂ ಕಡೆ ಇಂಟರ್ನೆಟ್ ಬೇಕು, ಎರಡೂ ಕಡೆ ಅದೇ ಆ್ಯಪ್ ಇರಬೇಕು. ಎರಡನೆಯದರಲ್ಲಿ ನಮ್ಮ ಮಾಮೂಲಿ ನಂಬರಿಗೇ ಕರೆ ಬರುತ್ತದೆ. ಆಚೆಯವರು ಯಾವ ಫೋನಿನಿಂದ ಮಾಡಿದರೂ ನಡೆಯುತ್ತದೆ, ನಮ್ಮ ಮನೆಯಲ್ಲಿ ಬ್ಯಾಂಕಿನ ಒಟಿಪಿಯೂ ಇದೇ ದಾರಿಯಲ್ಲಿ ಬರುತ್ತದೆ. ಭಾರತದ ದೊಡ್ಡ ಕಂಪನಿಗಳು 2019ರ ಕೊನೆ ಮತ್ತು 2020ರ ಆರಂಭದಲ್ಲಿ ಇದನ್ನು ಕೊಡತೊಡಗಿದರೂ ಎಷ್ಟೋ ಮನೆಗಳಲ್ಲಿ ಫೋನಿನ ಸೆಟ್ಟಿಂಗಿನಲ್ಲಿ ಅದನ್ನು ಆನ್ ಮಾಡಿಯೇ ಇರುವುದಿಲ್ಲ. ಆಯಿಯ ದೃಷ್ಟಿಯಿಂದ ನೋಡಿದರೆ ವೈಫೈ ಕರೆಯೇ ಮೇಲು, ಏಕೆಂದರೆ ಅದಕ್ಕಾಗಿ ಆಕೆ ಹೊಸದೇನನ್ನೂ ಕಲಿಯಬೇಕಾಗಿಲ್ಲ. ಧ್ವನಿಯಂತೂ ಹಳೆಯ ತಂತಿ ಫೋನಿಗಿಂತ ನಿಚ್ಚಳವಾಗಿದೆ. ಆದರೆ ಗಾಜಿನ ಎಳೆ ಬೆಳಕನ್ನು ಒಯ್ಯುತ್ತದೆಯೇ ಹೊರತು ವಿದ್ಯುತ್ತನ್ನು ಒಯ್ಯುವುದಿಲ್ಲ. ಮನೆಯ ಮೋಡೆಮ್ಮಿಗೆ ಮನೆಯ ಕರೆಂಟೇ ಬೇಕು. ಇನ್ವರ್ಟರ್ ಇಳಿದ ಮೇಲೆ ಅದೂ ಮುಗಿಯಿತು. ಮರ ಬಿದ್ದು ಎಳೆ ತುಂಡಾದರೆ ಮೋಡೆಮ್ಮಿನಲ್ಲಿ ಕೆಂಪು ದೀಪ ಮಿನುಗತೊಡಗುತ್ತದೆ. ಆ ದೀಪ ಕಂಡರೆ ಲೈನ್‌ಮನ್ ಬರುವವರೆಗೆ ಮನೆಯವರು ಮಾಡುವಂಥದ್ದೇನೂ ಇಲ್ಲ. ಬೇಸಗೆಯಲ್ಲಿ ಫೈಬರಿಗೆ ಸಮನಾದದ್ದಿಲ್ಲ. ಮಳೆಗಾಲಕ್ಕೆ ಅದನ್ನೊಂದನ್ನೇ ನೆಚ್ಚಿಕೊಳ್ಳಲಾಗದು.

ಇವೆಲ್ಲವುಗಳಲ್ಲಿ ನಮ್ಮ ಮನೆಯನ್ನು ನಿಜವಾಗಿ ಬದಲಿಸಿದ್ದು ಧ್ವನಿಸಂದೇಶ. ವಾಟ್ಸಾಪಿನಲ್ಲಿ ಇದು 2013ರಲ್ಲೇ ಬಂದಿತ್ತು, ನಾವು ಬಳಸತೊಡಗಿದ್ದು ಮಾತ್ರ ಬಹಳ ತಡವಾಗಿ. ಕರೆಗೆ ಎರಡೂ ಕಡೆಯ ಮನುಷ್ಯರು, ಎರಡೂ ಕಡೆಯ ಸಿಗ್ನಲ್, ಎರಡೂ ಕಡೆಯ ಬಿಡುವು ಒಂದೇ ಗಳಿಗೆಯಲ್ಲಿ ಕೂಡಿಬರಬೇಕು. ಮಗಳ ಕೆಲಸದ ಹೊತ್ತು, ಆಯಿ ಮಲಗುವ ಹೊತ್ತು, ಕರೆಂಟಿರುವ ಹೊತ್ತು ಈ ಮೂರೂ ಒಂದಕ್ಕೊಂದು ಸೇರುವುದೇ ಅಪರೂಪ. ಧ್ವನಿಸಂದೇಶಕ್ಕೆ ಆ ಕಟ್ಟುಪಾಡಿಲ್ಲ. ಮಾತು ಫೋನಿನಲ್ಲೇ ಕಾದಿರುತ್ತದೆ, ಸಂಪರ್ಕ ಸಿಕ್ಕ ಕೂಡಲೇ ತಾನಾಗಿ ಹೋಗುತ್ತದೆ; ಒಂದು ನಿಮಿಷದ ಮಾತು ಒಂದು ಒಳ್ಳೆಯ ಫೋಟೋದಷ್ಟೂ ಡೇಟಾ ತಿನ್ನುವುದಿಲ್ಲವಾದ್ದರಿಂದ ದುರ್ಬಲ ಸಿಗ್ನಲ್ಲಿನಲ್ಲೂ ಸಾಗುತ್ತದೆ.

ಆಯಿ ಇದನ್ನು ಬಳಸುವ ಬಗೆಯನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಇದರ ಬೆಲೆ ತಿಳಿದೀತು. ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಕಂಬಕ್ಕೆ ಒರಗಿ ಕುಳಿತು, ಫೋನನ್ನು ಎಡಗೈಯಲ್ಲಿ ಬಾಯಿಯ ಸಮೀಪ ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಮೈಕಿನ ಗುರುತನ್ನು ಒತ್ತಿಹಿಡಿಯುತ್ತಾಳೆ. "ತಂಗೀ, ಕೇಳ್ತಾ? ಆಸ್ರಿ ಆತನೇ? ಇಲ್ಲಿ ಮಳೆ ಬಿಟ್ಟಿದ್ದೇ ಇಲ್ಲೆ. ಮೇಲಿನ ತೋಟಕ್ಕೆ ಕೊಳೆ ಬೈಂದು" ಎಂದು ಮೊಮ್ಮಗಳಿಗೆ ಹವ್ಯಕ ಮನೆಮಾತಿನಲ್ಲೇ ಹೇಳಿ (ಆಸ್ರಿಯೆಂದರೆ ಚಹಾ-ತಿಂಡಿ, ಕೊಳೆಯೆಂದರೆ ಅಡಿಕೆಯ ಕೊಳೆರೋಗ, ಬೈಂದು ಎಂದರೆ ಬಂದಿದೆ), ಉತ್ತರ ಬರುವುದೋ ಎಂಬಂತೆ ಒಂದಿಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಮುಂದುವರಿಸುತ್ತಾಳೆ. ಆ ಮೌನದಲ್ಲಿ ಹಂಚಿನಿಂದ ಇಳಿಯುವ ನೀರಿನ ಸದ್ದು, ಕೊಟ್ಟಿಗೆಯ ದನದ ಕೂಗು ಎಲ್ಲವೂ ಸೇರಿ ಬೆಂಗಳೂರಿಗೆ ಹೋಗುತ್ತವೆ. ಫೋನಿನ ಕರೆಯಲ್ಲಿ ಇಂಥ ಸದ್ದುಗಳನ್ನು ಯಂತ್ರ ಗದ್ದಲವೆಂದು ಬಗೆದು ಅಡಗಿಸಲು ನೋಡುತ್ತದೆ. ಮಗಳು ರಾತ್ರಿ ಕೆಲಸ ಮುಗಿಸಿ ಅದನ್ನು ಕೇಳುತ್ತಾಳೆ, ಬೇಕೆನಿಸಿದರೆ ಇನ್ನೊಮ್ಮೆ ಕೇಳುತ್ತಾಳೆ. 2021ರಿಂದ ಸಂದೇಶವನ್ನು ಒಂದೂವರೆ ಅಥವಾ ಎರಡು ಪಟ್ಟು ವೇಗದಲ್ಲಿ ಕೇಳುವ ಸೌಲಭ್ಯವಿದೆ. ಮಂಡಿಯ ಅಡಿಕೆ ದರ ಹೇಳುವ ಸಂದೇಶಕ್ಕೆ ಅದು ಸರಿ. ಅಜ್ಜಿಯ ಮಾತನ್ನು ಹಾಗೆ ಓಡಿಸಿ ಕೇಳಬಾರದೆಂದು ಮಗಳಿಗೆ ಕೇಳಿಕೊಂಡಿದ್ದೇನೆ, ಆಕೆ ನಡೆಸಿಕೊಟ್ಟಿದ್ದಾಳೆ.

ಬರೆದು ಕಳಿಸುವುದನ್ನೂ ಇದರ ಎದುರಿಗಿಟ್ಟು ನೋಡಿದ್ದೇವೆ. ಕನ್ನಡದಲ್ಲಿ ಮಾತನಾಡಿದರೆ ತಾನೇ ಬರೆದುಕೊಳ್ಳುವ ಸೌಲಭ್ಯ 2017ರಿಂದ ಗೂಗಲ್ ಕೀಲಿಮಣೆಯಲ್ಲಿದೆ, ಪುಸ್ತಕದ ಕನ್ನಡಕ್ಕೆ ಅದು ಚೆನ್ನಾಗಿಯೇ ನಡೆಯುತ್ತದೆ. ಆಯಿಯ ಹವ್ಯಕ ಮಾತಿಗೆ ಅದು ಏನೇನನ್ನೋ ಬರೆದಿಡುತ್ತದೆ. ಮಗಳು ತಾನೇ ಟೈಪು ಮಾಡುವಾಗಲೂ ಮನೆಮಾತು ಬಿಟ್ಟು ಶಿಷ್ಟ ಕನ್ನಡಕ್ಕೋ ಇಂಗ್ಲಿಷಿಗೋ ಹೊರಳುತ್ತಾಳೆ. ಧ್ವನಿಯಲ್ಲಾದರೆ ಮನೆಮಾತೇ ಬರುತ್ತದೆ. ಕರಾವಳಿಯ ಕೊಂಕಣಿ ಮನೆಗಳಲ್ಲೂ ಹೀಗೆಯೇ ಎಂದು ತಮ್ಮನ ಕಾರವಾರದ ನೆರೆಹೊರೆಯವರು ಹೇಳುತ್ತಾರೆ.

ವಿಡಿಯೋ ಕರೆ ಹಬ್ಬಹರಿದಿನಕ್ಕೆ ಚೆಂದ, ದಿನವಹಿಗೆ ದಣಿವು. ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮದುವೆ, ಉಪನಯನಗಳ ಹೇಳಿಕೆಯನ್ನು ವಾಟ್ಸಾಪಿನ ಚಿತ್ರದಲ್ಲೇ ಮುಗಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಮನೆ ಬಾಗಿಲಿಗೆ ಹೋಗಿ, ಕುಳಿತು, ಹಿರಿಯರನ್ನು ಕರೆದು ಬರುವುದಕ್ಕೆ ಈ ಯಾವ ಸಾಧನವೂ ಸಮನಲ್ಲ, ಅದನ್ನು ಈ ಹೋಲಿಕೆಗೆ ಎಳೆಯುವುದೇ ಸರಿಯಲ್ಲ.

ಕಾಗದವನ್ನೂ ಮತ್ತೆ ಬರೆದು ನೋಡಿದೆವು. ಇನ್‌ಲ್ಯಾಂಡ್ ಪತ್ರಕ್ಕೆ ಎರಡೂವರೆ ರೂಪಾಯಿ, ಪೋಸ್ಟ್ ಕಾರ್ಡಿಗೆ ಐವತ್ತು ಪೈಸೆ. ಖರ್ಚಿನಲ್ಲಿ ಇಂದಿಗೂ ಯಾವುದೂ ಅದನ್ನು ಮೀರಿಸುವುದಿಲ್ಲ. ವೇಗದ ಮಾತೇ ಇಲ್ಲ. 2013ರ ಜುಲೈನಲ್ಲಿ ತಂತಿ (ಟೆಲಿಗ್ರಾಂ) ಸೇವೆ ನಿಂತ ಮೇಲೆ ಅವಸರದ ಸುದ್ದಿಗೆ ಅಂಚೆಯನ್ನು ನೆನೆಯುವವರೂ ಇಲ್ಲವಾದರು. ಆದರೆ ಉಳಿಯುವಿಕೆಯಲ್ಲಿ ಕಾಗದವೇ ಮೊದಲು. ಧಾರವಾಡದಲ್ಲಿ ಓದುತ್ತಿದ್ದ ಅಪ್ಪಯ್ಯನಿಗೆ ಅಜ್ಜ ಬರೆದ ಇನ್‌ಲ್ಯಾಂಡುಗಳು ನಮ್ಮ ನಾಗಂದಿಗೆಯ ಪೆಟ್ಟಿಗೆಯಲ್ಲಿವೆ. ಉಭಯಕುಶಲೋಪರಿಯಿಂದ ತೊಡಗಿ, ಅಡಿಕೆಯ ಧಾರಣೆ, ಆಕಳು ಕರು ಹಾಕಿದ ಸುದ್ದಿ, ಮನಿಯಾರ್ಡರು ಮುಟ್ಟಿತೇ ಎಂಬ ವಿಚಾರಣೆ ಎಲ್ಲ ಮುಗಿದು ಜಾಗ ಸಾಲದಾದಾಗ, ಮಡಿಕೆಯ ಅಂಚಿನಲ್ಲಿ ಸುತ್ತಲೂ ಸಣ್ಣಕ್ಷರದಲ್ಲಿ ಮುಂದುವರಿಸಿದ್ದಾನೆ. ಆಯಿಯ ಧ್ವನಿಸಂದೇಶಗಳು ತಲುಪಿದ ಮೇಲೆ ವಾಟ್ಸಾಪಿನ ಸರ್ವರ್‌ಗಳಲ್ಲಿ ಉಳಿಯುವುದಿಲ್ಲ, ಮಗಳ ಫೋನಿನಲ್ಲಿರುತ್ತವೆ. ಬ್ಯಾಕಪ್ ಇಲ್ಲದೆ ಆ ಫೋನು ಕೆಟ್ಟರೆ ಅವೂ ಹೋದವು. ಆದ್ದರಿಂದ ಮುಖ್ಯವೆನಿಸಿದವನ್ನು ಕಂಪ್ಯೂಟರಿಗೆ ಇಳಿಸಿ, ಇನ್ನೊಂದು ಪ್ರತಿಯನ್ನು ತಮ್ಮನ ಮನೆಯಲ್ಲಿ ಇಟ್ಟಿದ್ದೇವೆ.

ಹೀಗಾಗಿ ದಿನನಿತ್ಯಕ್ಕೆ ನನ್ನ ಆಯ್ಕೆ ಧ್ವನಿಸಂದೇಶ, ಕೂಡಲೇ ಉತ್ತರ ಬೇಕಾದಾಗ ವೈಫೈ ಕರೆ, ಎರಡೂ ಕೈಕೊಟ್ಟಾಗ ಎಸ್ಸೆಮ್ಮೆಸ್. ತೋಟದಲ್ಲಿ ಹಾವು ಕಚ್ಚಿದ, ಅಡಿಕೆ ಕೊನೆ ಕೊಯ್ಯುವವರು ಮರದಿಂದ ಬಿದ್ದ ಹೊತ್ತಿಗೆ ಬೇಕಾಗುವ 108ಕ್ಕೆ ಮಾತ್ರ ಇದು ಉತ್ತರವಾಗುವುದಿಲ್ಲ. ಕರ್ನಾಟಕದಲ್ಲಿ 2008ರಿಂದ ಇರುವ ಆ ಆಂಬುಲೆನ್ಸ್ ಸೇವೆಗೆ ವಾಟ್ಸಾಪಿನಿಂದ ಕರೆ ಮಾಡಲಾಗದು. ಕರೆ ಮಾಡಲೇಬೇಕು, ಮಾತನಾಡಲೇಬೇಕು, ತಾಮ್ರದ ತಂತಿಯ ನಷ್ಟ ಹೆಚ್ಚು ನೋಯಿಸುವುದು ಇಲ್ಲೇ. ಅದಕ್ಕಾಗಿ ಮನೆಯ ಇನ್ವರ್ಟರಿನ ಜೊತೆಗೆ, ಮೋಡೆಮ್ಮಿಗೆಂದೇ ಸಿಗುವ 12 ವೋಲ್ಟಿನ ಸಣ್ಣ ಯುಪಿಎಸ್ ಒಂದನ್ನು ಪ್ರತ್ಯೇಕವಾಗಿ ಇಟ್ಟುಕೊಂಡಿದ್ದೇವೆ, ಅದನ್ನು ಬೇರಾವುದಕ್ಕೂ ಬಳಸುವುದಿಲ್ಲ. ಅಂಗಳದಲ್ಲಿ ಯಾವ ಕಂಪನಿಯ ಸಿಗ್ನಲ್ ಎಲ್ಲಿ ನಿಂತರೆ ಸಿಗುತ್ತದೆಂಬುದನ್ನು ಮನೆಯವರಿಗೂ ಕೆಲಸಕ್ಕೆ ಬರುವವರಿಗೂ ತೋರಿಸಿ, ಆ ಜಾಗಕ್ಕೊಂದು ಕಲ್ಲು ನೆಟ್ಟಿದ್ದೇವೆ.